ಏಳನೇ ಕಾಲಂ

ಆರು ಕಾಲಂ ತುಂಬೀನಿ.
ಹೆಸರು: ಫಕೀರಮ್ಮ ತಿರಕಪ್ಪ ಬಾರ್ಕಿ.
ವಯಸ್ಸು ಮೂವತ್ತೆರಡು. ಬಿ.ಕಾಂ., ಐವತ್ತೆಂಟು ಪರ್ಸೆಂಟ್.
ಕೆಲಸ: ಕೋಲ್ಡ್ ಸ್ಟೋರೇಜಿನ ಲೆಕ್ಕಪತ್ರ, ಬ್ಯಾಡಗಿ,
ಒಂಬತ್ತು ವರ್ಷ.
ಏಳನೇದು ಖಾಲಿ ಐತಿ:
ಎಂ.ಬಿ.ಎ. ಪದವಿ ನಿಮಗೆ ಏಕೆ ಬೇಕು?
ಮುನ್ನೂರು ಶಬ್ದಗಳಿಗೆ ಕಡಿಮೆ ಇರಬಾರದು.

ಮುನ್ನೂರು ಅಂದ್ರ ನಮ್ಮಲ್ಲಿ ಒಂದು ಲಾರಿ ಚೀಲ.
ಅಷ್ಟು ಮಾತು ಯಾವ ಗೋದಾಮಿನಿಂದ ಎತ್ತಲಿ?

ಸೋಮವಾರದ ಪ್ಯಾಟಿ. ಕಿಟಕಿ ಹೊರಗ
ಕಣ್ಣು ಹಾಯೂತನಾ ಕೆಂಪು.
ಲಾರಿ ಡ್ರೈವರು ಸೀನತಾನ, ಬ್ಯಾಂಕಿನವರು ಸೀನತಾರ.
ಸೀನೂದು ಹೊಸಬರ ಗುರುತು;
ನಾನು ಬಿಟ್ಟು ಎಂಟು ವರ್ಷಾತು.

ಅಲ್ಲಿ ಮಾಬುಸಾಬ ಒಂದು ಕಾಯಿ ಎತ್ತಿ
ಕಿವೀ ಹಂತ್ಯಾಕ ಅಲ್ಲಾಡಸ್ತಾನ.
ಒಳಗ ಬೀಜ ಏನೋ ಅಂತಾವ,
ಅವ "ಹದಿಮೂರು" ಅಂತಾನ.
ಮಷೀನು ಹನ್ನೆರಡು ಪಾಯಿಂಟ್ ಒಂಬತ್ತು ತೋರಸ್ತೈತಿ.
ಸಂಜೀಕ ಪಗಾರದ ಬುಕ್ಕಿನಾಗ ಹೆಬ್ಬಟ್ಟು ಒತ್ತಿ
ಆರುನೂರು ಎಣಿಸಿಕೊಂಡು ಹೋಗತಾನ.

ಹೋದ ವರ್ಷ ಪುಣೆದಿಂದ ಬಂದ ಹುಡುಗ,
ತೇಜಸ್ ಸರ್, ಇಪ್ಪತ್ನಾಕು ವಯಸ್ಸು,
ಬಂದ ವಾರದಾಗ ಗ್ವಾಡಿಗೆ ಒಂದು ಚಾರ್ಟ್ ಹಚ್ಚಿದ:
ಬಾಣ, ಚೌಕ, ಮತ್ತ ಬಾಣ.
ಮಾಬುಸಾಬ ಅದರಾಗ ಎಲ್ಲೂ ಇರಲಿಲ್ಲ.
ಡಬ್ಬಿ ಯಾವುದು, ಕಡ್ಡಿ ಯಾವುದು,
ತೂಕದಾಗ ಚೀಲದ ತೂಕ ಕಳೀಬೇಕು ಅನ್ನೂದನ್ನೂ
ಅವಗ ನಾನ ಹೇಳಿಕೊಟ್ಟೆ.
ಈಗ ನನ್ನ ರಜಾ ಅರ್ಜಿಗೆ ಅವ ಸಹಿ ಹಾಕತಾನ.
"ಅವನ ಕುರ್ಚಿ ನನಗೆ ಬೇಕು."
ಖರೇ ಮಾತು. ನಾಕ ಶಬ್ದ.

ಅವ್ವ ತೊಟ್ಟು ಬಿಡಿಸೂದು ನಿಲ್ಲಸದ ಕೇಳತಾಳ:
"ಅದೇನು ಕಲಸ್ತಾರ ಅಲ್ಲಿ?"
"ಕಂಪನಿ ನಡಸೂದು. ಮಂದೀನ ನಡಸೂದು."
"ಮಂದಿಗೆ ಕಾಲ ಅದಾವಲ್ಲ, ತಾವ ನಡೀತಾರ."
ಉರಿ ಹತ್ತಿದ ಬೆರಳು ಮಜ್ಜಿಗಿ ಬಟ್ಟಲಾಗ ಅದ್ದಿ
ಮತ್ತೊಂದು ಕಾಯಿ ಎತ್ತಿಕೋತಾಳ.
ಆಕಿ ಬಿಡಿಸಿದ ತೊಟ್ಟಿನ ಮ್ಯಾಲೆ ನನ್ನ ಬಿ.ಕಾಂ. ಆತು.
ಹಟ ತೊಟ್ಟಾಕಿ ನಾನಲ್ಲ, ಆಕಿ.

ಮಾಲಕರು ಒಳಗ ಕರದು ಚಾ ಕೊಟ್ರು:
"ಅರ್ಧ ಫೀ ನಂದು. ಮೂರು ವರ್ಷ ಬಾಂಡ್.
ಎಲ್ಲೂ ಹೋಗಬಾರದು, ಅಷ್ಟ."
ಚಾ ಛಲೋ ಇತ್ತು.
ಬಾಂಡ್ ಕಾಗದಾನೂ ಛಲೋ ಇತ್ತು, ದಪ್ಪಂದು.
ನಾಕು ಡಿಗ್ರಿ ಕ್ವಾಣ್ಯಾಗ ಕಾಯಿ
ಬಣ್ಣ ಕೆಡದಂಗ ವರ್ಷಗಟ್ಟಲೆ ಇಡ್ತೀವಿ,
ರೇಟು ಬಂದಾಗ ತಗೀತೀವಿ.
ರೇಟು ಯಾರಿಗೆ ಬಂತು ಅಂತ ಕಾಯಿ ಕೇಳೂದಿಲ್ಲ.
"ವಿಚಾರ ಮಾಡಿ ಹೇಳ್ತೀನ್ರಿ" ಅಂದೆ.

ಗುರುವಾರ ರಾತ್ರಿ ದ್ಯಾಮವ್ವ ಟೀಚರ ಪಡಸಾಲ್ಯಾಗ ಚೀಟಿ ಸವಾಲು.
ಯಾರೋ ಮಗಳ ಹೆರಿಗಿಗೆ ಆರು ಸಾವಿರ ಅಂದ್ರು,
ಯಾರೋ ಬೋರಿಗೆ ಒಂಬತ್ತು ಅಂದ್ರು.
ನನ್ನ ಬಾಯಿ ಹನ್ನೆರಡು ಅಂತು.
ಒಂದು ಲಕ್ಷದ ಚೀಟಿ, ಕೈಗೆ ಬಂದದ್ದು ಎಂಬತ್ತೆಂಟು.
ಇದು ಲಾಭೋ ನುಕಸಾನೋ,
ಊರ ಲೆಕ್ಕ ಬರಿಯೂ ನನಗ ಹತ್ತಲಿಲ್ಲ.
ಎರಡನೇ ವರ್ಷದ ಫೀ ಎಲ್ಲಿಂದ, ಅದೂ.

ಶನಿವಾರ, ಐತವಾರ ಕ್ಲಾಸು, ಹುಬ್ಬಳ್ಳಿಯೊಳಗ.
ಬೆಳಗಿನ ಗಾಡಿ. ಹಾವೇರಿ, ಸವಣೂರು, ಯಲವಿಗಿ,
ಗುಡಗೇರಿ, ಕುಂದಗೋಳ:
ಸ್ಟೇಷನ್ನಿಗೊಂದು ಪಾಠ ಓದಬಹುದು,
ಇಲ್ಲಾ ನಿದ್ದಿ ಮಾಡಬಹುದು.
ಸೋಮವಾರ, ಗುರುವಾರದ ಪ್ಯಾಟಿ ತಪ್ಪೂದಿಲ್ಲ.

ಏಳನೇ ಕಾಲಮ್ಮಿನಾಗ ಕಡೀಕ ಬರದೆ:
"ನಮ್ಮಲ್ಲಿ ಒಬ್ಬರ ಕಿವಿ ಇದೆ.
ಅದರ ಬೆಲೆ ಯಾವ ಖಾತೆಗೆ ಹಾಕಬೇಕು ನನಗೆ ಗೊತ್ತಿಲ್ಲ.
ನಿಮ್ಮಲ್ಲಿ ಕಲಿಸುತ್ತೀರಾದರೆ ಬರುತ್ತೇನೆ."
ಕಂಪ್ಯೂಟರು ಕೆಂಪು ಅಕ್ಷರದಾಗ ಅಂತು:
ಇನ್ನೂ ಇನ್ನೂರಾ ಎಂಬತ್ತಾರು ಬಾಕಿ.

ವೇಬ್ರಿಜ್ಜಿನ್ಯಾಂವ ಕೂಗಿದ, "ಮೇಡಂ, ಗಾಡಿ ಬಂತ್ರಿ."
ಎದ್ದೆ. ಬಾಗಲದಾಗ,
ಎಂಟು ವರ್ಷದ ಮ್ಯಾಲೆ, ಒಂದು ಸೀನು ಬಂತು.
ಒಂಟಿ ಸೀನು ಛಲೋ ಅಲ್ಲ ಅಂತಾಳ ಅವ್ವ.
ಇನ್ನೊಂದಕ್ಕ ಕಾಯಕೋತ ನಿಂತೀನಿ,
ಲಾರಿ ಹಾರ್ನ್ ಹೊಡಿಯಾಕ ಹತ್ತೈತಿ.